ಮುಚ್ಚದ ಕಡತಗಳು: ಕೌನ್ಸಿಲ್ ಆಫ್ ಯುರೋಪ್ ಮತ್ತು ಮನುಷ್ಯನ ಹಕ್ಕುಗಳು



ಮನುಷ್ಯನ ಹಕ್ಕುಗಳನ್ನು ತುಳಿಯುವ ಶಕ್ತಿ ಬೇರೆ ಯಾರಿಗಿಂತಲೂ ಹೆಚ್ಚಾಗಿ ಇರುವುದು ಸರ್ಕಾರಗಳ ಕೈಯಲ್ಲಿ. ಪೊಲೀಸ್ ಠಾಣೆ ಅವುಗಳದು, ಜೈಲು ಅವುಗಳದು, ಕಾನೂನು ಬರೆಯುವ ಲೇಖನಿಯೂ ಅವುಗಳದೇ. ಹೀಗಿರುವಾಗ ಸರ್ಕಾರಗಳೇ ಸೇರಿ ಕಟ್ಟಿಕೊಂಡ ಒಂದು ಸಂಘ, ಅದೇ ಸರ್ಕಾರಗಳು ಹಕ್ಕುಗಳನ್ನು ಪಾಲಿಸುವಂತೆ ಮಾಡಬಲ್ಲದೇ? ಬೇಲಿಯೇ ಎದ್ದು ಹೊಲ ಮೇಯುವ ಮಾತು ಕನ್ನಡಕ್ಕೆ ಹೊಸದಲ್ಲ. ಬೇಲಿಗಳೆಲ್ಲ ಕೂಡಿ ಒಂದಕ್ಕೊಂದು ಕಾವಲು ನಿಂತರೆ ಹೊಲ ಉಳಿದೀತೇ ಎಂಬುದು ಈ ಉಪನ್ಯಾಸದ ಪ್ರಶ್ನೆ.

ಜಗತ್ತಿನ ಎಲ್ಲ ಸಂಸ್ಥೆಗಳನ್ನೂ ಮೇಲಿಂದ ಮೇಲೆ ಮುಟ್ಟುವ ಬದಲು ಒಂದೇ ಸಂಸ್ಥೆಯನ್ನು ಹತ್ತಿರ ಹೋಗಿ ನೋಡುವುದು ಹೆಚ್ಚು ಫಲ ಕೊಡುತ್ತದೆ. ಅದು ಕೌನ್ಸಿಲ್ ಆಫ್ ಯುರೋಪ್. ಇದನ್ನು ಬ್ರಸೆಲ್ಸ್‌ನಿಂದ ನಡೆಯುವ, 27 ದೇಶಗಳ ಯುರೋಪಿಯನ್ ಯೂನಿಯನ್ ಜೊತೆ ಬೆರೆಸಬಾರದು. ಯೂರೋ ನಾಣ್ಯವಾಗಲಿ, ಸಮಾನ ಮಾರುಕಟ್ಟೆಯಾಗಲಿ ಇದರ ವ್ಯವಹಾರವಲ್ಲ. ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ನಗರದಲ್ಲಿ ನೆಲೆಸಿರುವ ಈ ಸಂಸ್ಥೆಯಲ್ಲಿ ಈಗ 46 ಸದಸ್ಯ ರಾಷ್ಟ್ರಗಳಿವೆ. ಐಸ್‌ಲ್ಯಾಂಡಿನಿಂದ ಅಜರ್‌ಬೈಜಾನ್‌ವರೆಗೆ, ಪೋರ್ಚುಗಲ್‌ನಿಂದ ಟರ್ಕಿಯವರೆಗೆ ಅದರ ಹರವು. ಅದಕ್ಕೆ ಸೈನ್ಯವಿಲ್ಲ, ಪೊಲೀಸರಿಲ್ಲ, ಒಬ್ಬ ಮಂತ್ರಿಯನ್ನೂ ಬಂಧಿಸುವ ಅಧಿಕಾರವಿಲ್ಲ. ಆದರೂ ಮುಕ್ಕಾಲು ಶತಮಾನದಲ್ಲಿ ಅದು ಹಲವು ದೇಶಗಳ ಕಾನೂನು ಪುಸ್ತಕಗಳನ್ನು, ಶಾಲೆಗಳನ್ನು, ಸೆರೆಮನೆಗಳ ಕೋಣೆಗಳನ್ನು ಬದಲಿಸಿದೆ.

ಸಂಸ್ಥೆ ಹುಟ್ಟಿದ್ದು ಎರಡನೇ ಮಹಾಯುದ್ಧದ ಬೂದಿಯಲ್ಲಿ. 1949ರ ಮೇ 5ರಂದು ಲಂಡನ್ನಿನಲ್ಲಿ ಹತ್ತು ರಾಷ್ಟ್ರಗಳು ಅದರ ಸನ್ನದಿಗೆ ಸಹಿ ಹಾಕಿದವು. ಕೇಂದ್ರಕ್ಕಾಗಿ ಸ್ಟ್ರಾಸ್‌ಬರ್ಗನ್ನು ಆರಿಸಿದ್ದಕ್ಕೂ ಅರ್ಥವಿತ್ತು. 1871ರಿಂದ 1944ರ ನಡುವೆ ಆ ಊರು ನಾಲ್ಕು ಬಾರಿ ಜರ್ಮನಿ ಮತ್ತು ಫ್ರಾನ್ಸ್‌ಗಳ ನಡುವೆ ಕೈ ಬದಲಾಯಿಸಿತ್ತು. ಮರುವರ್ಷ, 1950ರ ನವೆಂಬರ್ 4ರಂದು, ರೋಮ್‌ನಲ್ಲಿ ಮಾನವ ಹಕ್ಕುಗಳ ಯುರೋಪಿಯನ್ ಒಡಂಬಡಿಕೆಗೆ ಸಹಿ ಬಿತ್ತು. ಅದು ಜಾರಿಗೆ ಬಂದದ್ದು 1953ರ ಸೆಪ್ಟೆಂಬರ್ 3ರಂದು. ಅದನ್ನು ರೂಪಿಸುವಲ್ಲಿ ಮುಂದಿದ್ದವರಲ್ಲಿ ಒಬ್ಬರು ಡೇವಿಡ್ ಮ್ಯಾಕ್ಸ್‌ವೆಲ್ ಫೈಫ್. ನ್ಯೂರೆಂಬರ್ಗ್ ವಿಚಾರಣೆಯಲ್ಲಿ ನಾಜಿ ನಾಯಕರನ್ನು ಪಾಟೀಸವಾಲಿಗೆ ಒಳಪಡಿಸಿದ ಬ್ರಿಟಿಷ್ ವಕೀಲ. ಇನ್ನೊಬ್ಬರು ಫ್ರಾನ್ಸಿನ ಪಿಯರ್ ಆನ್ರಿ ತೆತ್ಜೆನ್. ನಾಜಿ ಆಕ್ರಮಣದ ವಿರುದ್ಧ ಭೂಗತ ಹೋರಾಟದಲ್ಲಿ ಸಿಕ್ಕಿಬಿದ್ದು ಗೆಸ್ಟಾಪೋ ಬಂಧನ ಕಂಡವರು. ಪ್ರಜಾಪ್ರಭುತ್ವ ಒಂದೇ ರಾತ್ರಿಯಲ್ಲಿ ಕುಸಿಯುವುದಿಲ್ಲ, ಇಟ್ಟಿಗೆ ಇಟ್ಟಿಗೆಯಾಗಿ ಕಳಚುತ್ತದೆ ಎಂಬುದನ್ನು ಇಬ್ಬರೂ ಕಣ್ಣಾರೆ ಕಂಡಿದ್ದರು. ಮೊದಲ ಇಟ್ಟಿಗೆ ಅಲುಗಿದಾಗಲೇ ನೆರೆಯವರು ಎಚ್ಚರಿಸುವಂತಾಗಬೇಕು ಎಂಬುದು ಅವರ ಕಾಳಜಿಯಾಗಿತ್ತು.

ಈ ಹುಟ್ಟಿನಲ್ಲಿ ಒಂದು ಕಲೆಯೂ ಇತ್ತು. ಒಂದು ಕಾಲದ ವಸಾಹತಿನ ಪ್ರಜೆಗಳಾದ ಭಾರತೀಯರು ಅದನ್ನು ಮರೆಯುವಂತಿಲ್ಲ. ಒಡಂಬಡಿಕೆಗೆ ಸಹಿ ಹಾಕಿದ ಹಲವು ದೇಶಗಳು ಆಗ ಆಫ್ರಿಕಾ, ಏಷ್ಯಾಗಳ ವಸಾಹತುಗಳ ಒಡೆಯರಾಗಿದ್ದವು. ಹಕ್ಕುಗಳು ವಸಾಹತಿಗೂ ಅನ್ವಯಿಸಬೇಕೇ ಎಂಬುದನ್ನು ಆಳುವ ದೇಶದ ಇಚ್ಛೆಗೇ ಬಿಡುವ ಕಲಮೊಂದನ್ನು ಅದರಲ್ಲಿ ಸೇರಿಸಲಾಯಿತು. ಬ್ರಿಟನ್ 1953ರಲ್ಲಿ ತನ್ನ ಹಲವು ವಸಾಹತುಗಳಿಗೆ ಒಡಂಬಡಿಕೆಯನ್ನು ವಿಸ್ತರಿಸಿತು ನಿಜ; ಆದರೆ ಕೀನ್ಯಾ, ಸೈಪ್ರಸ್‌ಗಳಲ್ಲಿ ದಂಗೆ ಎದ್ದಾಗ ತುರ್ತುಸ್ಥಿತಿಯ ಹೆಸರಿನಲ್ಲಿ ಅದರಿಂದ ವಿನಾಯಿತಿ ಘೋಷಿಸಿಕೊಂಡಿತು. ಅಲ್ಜೀರಿಯಾದಲ್ಲಿ ಯುದ್ಧ ನಡೆಸಿದ ಫ್ರಾನ್ಸ್ ಒಡಂಬಡಿಕೆಯನ್ನು ಸ್ಥಿರೀಕರಿಸಿದ್ದೇ 1974ರಲ್ಲಿ. ಹಕ್ಕುಗಳ ಮಾತನಾಡಿದವರು ಆಗಲೇ ಹಕ್ಕುಗಳನ್ನು ಪಾಲಿಸುತ್ತಿದ್ದರು ಎಂದು ಭಾವಿಸಿದರೆ ಈ ಸಂಸ್ಥೆಯ ಚರಿತ್ರೆ ಅರ್ಥವಾಗುವುದಿಲ್ಲ. ಮಾತು ಮೊದಲು ಬಂತು. ಆ ಮಾತಿಗೆ ಅವರನ್ನು ಕಟ್ಟಿಹಾಕುವ ಕೆಲಸ ಮುಂದಿನ ಎಪ್ಪತ್ತು ವರ್ಷಗಳದ್ದಾಯಿತು.

ಕಟ್ಟಿಹಾಕಿದ ಹಗ್ಗ ಯಾವುದು? ಮಾನ್ಯರೇ, ಈ ಉಪನ್ಯಾಸದ ಮುಖ್ಯ ವಾದ ಇಲ್ಲಿದೆ. ಕೌನ್ಸಿಲ್ ಆಫ್ ಯುರೋಪಿನ ಬಲವಿರುವುದು ಘೋಷಣೆಯಲ್ಲಲ್ಲ, ಶಿಕ್ಷೆಯಲ್ಲೂ ಅಲ್ಲ. ಸರ್ಕಾರವೊಂದು ಉತ್ತರ ಕೊಡುವವರೆಗೂ ಕಡತವನ್ನು ಮುಚ್ಚದಿರುವುದರಲ್ಲಿ.

ಹಳೆಯ ಅಂತರರಾಷ್ಟ್ರೀಯ ಕಾನೂನಿನಲ್ಲಿ ವ್ಯಕ್ತಿಗೆ ಸ್ಥಾನವಿರಲಿಲ್ಲ. ದೇಶ ದೇಶದೊಡನೆ ಮಾತಾಡುತ್ತಿತ್ತು. ಪ್ರಜೆಯ ಗೋಳು ಮನೆಯೊಳಗಿನ ವಿಷಯವೆನಿಸಿಕೊಂಡಿತ್ತು. 1950ರ ಒಡಂಬಡಿಕೆ ಇಲ್ಲಿ ಒಂದು ಕಿಂಡಿ ತೆರೆಯಿತು. ತನ್ನ ಸರ್ಕಾರ ತನ್ನ ಹಕ್ಕನ್ನು ಮುರಿದಿದೆ ಎಂದು ಒಬ್ಬ ಸಾಮಾನ್ಯ ಮನುಷ್ಯ ದೇಶದಾಚೆಯ ಪೀಠಕ್ಕೆ ದೂರು ಒಯ್ಯಬಹುದಾಯಿತು. ಮೊದಲಿಗೆ ಅದು ಅರೆಬಾಗಿಲು: ಒಪ್ಪಿದ ದೇಶಗಳಿಗೆ ಮಾತ್ರ ಅನ್ವಯ, ಅದರಲ್ಲೂ ಮುಂಚೆ ಒಂದು ಆಯೋಗದ ಜರಡಿ. ನ್ಯಾಯಾಲಯ ಸ್ಥಾಪನೆಯಾದದ್ದು 1959ರಲ್ಲಿ, ಮೊದಲ ತೀರ್ಪು ಬಂದದ್ದು 1960ರಲ್ಲಿ. ಬ್ರಿಟನ್ ತನ್ನ ಪ್ರಜೆಗಳಿಗೆ ನೇರ ದೂರಿನ ಹಕ್ಕು ಕೊಟ್ಟದ್ದು 1966ರಲ್ಲಿ, ಫ್ರಾನ್ಸ್ 1981ರಲ್ಲಿ. 1998ರ ನವೆಂಬರ್ 1ರಂದು ಹನ್ನೊಂದನೆಯ ಪೂರಕ ಒಪ್ಪಂದ ಜಾರಿಗೆ ಬಂದ ಮೇಲೆ ನ್ಯಾಯಾಲಯ ಪೂರ್ಣಾವಧಿಯದಾಯಿತು. ದೂರಿನ ಹಕ್ಕು ಎಲ್ಲ ಸದಸ್ಯ ದೇಶಗಳ ಮೇಲೂ ಕಡ್ಡಾಯವಾಯಿತು.

ಇಂದು ಆ ನ್ಯಾಯಾಲಯದಲ್ಲಿ ಸದಸ್ಯ ರಾಷ್ಟ್ರಕ್ಕೊಬ್ಬರಂತೆ ನ್ಯಾಯಮೂರ್ತಿಗಳಿರುತ್ತಾರೆ. ಸರ್ಕಾರ ಮೂರು ಹೆಸರು ಕೊಡುತ್ತದೆ; ಆರಿಸುವುದು ಸದಸ್ಯ ದೇಶಗಳ ಸಂಸತ್ ಸದಸ್ಯರೇ ಇರುವ ಸಂಸದೀಯ ಸಭೆ. ಅವಧಿ ಒಂಬತ್ತು ವರ್ಷ, ಮರುಆಯ್ಕೆ ಇಲ್ಲ. ಅರ್ಜಿ ಸಲ್ಲಿಸಲು ಶುಲ್ಕವಿಲ್ಲ, ಮೊದಲ ಹಂತದಲ್ಲಿ ವಕೀಲರೂ ಕಡ್ಡಾಯವಲ್ಲ, ತನ್ನ ದೇಶದ ಅಧಿಕೃತ ಭಾಷೆಯಲ್ಲೇ ಬರೆದು ಅಂಚೆಗೆ ಹಾಕಬಹುದು. ಆದರೆ ತನ್ನ ದೇಶದ ನ್ಯಾಯಾಲಯಗಳ ಬಾಗಿಲುಗಳನ್ನೆಲ್ಲ ಮೊದಲು ತಟ್ಟಿ ಬಂದಿರಬೇಕು. ಹಕ್ಕುಗಳನ್ನು ಕಾಯುವ ಮೊದಲ ಹೊಣೆ ಆಯಾ ದೇಶದ್ದೇ. ಸ್ಟ್ರಾಸ್‌ಬರ್ಗ್ ಕೊನೆಯ ಕಟ್ಟೆ.

ತತ್ವ ಇಷ್ಟು. ಅದು ನೆಲದ ಮೇಲೆ ಹೇಗೆ ನಡೆಯುತ್ತದೆ ಎಂಬುದಕ್ಕೆ ಎರಡು ಮೊಕದ್ದಮೆಗಳನ್ನು ಹತ್ತಿರದಿಂದ ನೋಡಬೇಕು.

ಬ್ರಿಟನ್ ಮತ್ತು ಐರ್ಲೆಂಡ್ ನಡುವಿನ ಸಮುದ್ರದಲ್ಲಿ ಐಲ್ ಆಫ್ ಮ್ಯಾನ್ ಎಂಬ ಪುಟ್ಟ ದ್ವೀಪವಿದೆ. 1972ರಲ್ಲಿ ಅಲ್ಲಿನ ಹದಿನೈದು ವರ್ಷದ ಹುಡುಗನೊಬ್ಬ ಶಾಲೆಯ ಹಿರಿಯ ವಿದ್ಯಾರ್ಥಿಯ ಮೇಲೆ ಕೈಮಾಡಿದ. ಬಾಲ ನ್ಯಾಯಾಲಯ ಕೊಟ್ಟ ಶಿಕ್ಷೆ ಬರ್ಚ್ ಮರದ ಬರಲಿನಿಂದ ಮೂರು ಏಟು. ಶಿಕ್ಷೆ ನಡೆದದ್ದು ಪೊಲೀಸ್ ಠಾಣೆಯಲ್ಲಿ, ತಂದೆ ಮತ್ತು ಒಬ್ಬ ವೈದ್ಯರ ಎದುರಿನಲ್ಲಿ. ಹುಡುಗನ ಉಡುಪು ಕೆಳಗಿಳಿಸಿ ಮೇಜಿನ ಮೇಲೆ ಬಗ್ಗಿಸಿದರು. ಇಬ್ಬರು ಪೊಲೀಸರು ಹಿಡಿದುಕೊಂಡರು, ಮೂರನೆಯವನು ಹೊಡೆದ. ಮೊದಲ ಏಟಿಗೇ ಬರಲಿನ ಚೂರುಗಳು ಮುರಿದುಬಿದ್ದವು. ಆ ದ್ವೀಪದ ಜನರಲ್ಲಿ ಬಹುಪಾಲು ಮಂದಿ ಈ ಶಿಕ್ಷೆಯ ಪರವಾಗಿಯೇ ಇದ್ದರು. ಅದಿಲ್ಲದಿದ್ದರೆ ಪುಂಡಾಟ ಹೆಚ್ಚುತ್ತದೆ ಎಂಬ ನಂಬಿಕೆ ಅವರದು.

1978ರಲ್ಲಿ ತೀರ್ಪು ಕೊಟ್ಟ ಸ್ಟ್ರಾಸ್‌ಬರ್ಗ್ ನ್ಯಾಯಾಲಯ ಇದನ್ನು ಅವಮಾನಕರ ಶಿಕ್ಷೆ ಎಂದು ಕರೆಯಿತು. ಪ್ರಭುತ್ವದ ಅಧಿಕಾರ ಹೊತ್ತವರು, ಪರಿಚಯವೇ ಇಲ್ಲದವರು, ವಿಧಿವತ್ತಾಗಿ ಮನುಷ್ಯನ ಮೈಮೇಲೆ ನಡೆಸುವ ಹಿಂಸೆಯಲ್ಲಿ ಆತ ಬರಿಯ ವಸ್ತುವಾಗಿಬಿಡುತ್ತಾನೆ ಎಂಬುದು ಅದರ ತರ್ಕದ ತಿರುಳು. ಅದೇ ತೀರ್ಪಿನಲ್ಲಿ ಇನ್ನೊಂದು ಮಾತೂ ನೆಲೆಗೊಂಡಿತು: ಒಡಂಬಡಿಕೆ ಜೀವಂತ ದಸ್ತಾವೇಜು, ಅದನ್ನು ಇಂದಿನ ಬದುಕಿನ ಬೆಳಕಿನಲ್ಲಿ ಓದಬೇಕು. 1950ರಲ್ಲಿ ಬರೆದವರ ಮನಸ್ಸಿನಲ್ಲಿ ಏನಿತ್ತು ಎಂಬುದಷ್ಟೇ ಅಳತೆಗೋಲಲ್ಲ. ಮುಂದಿನ ನಾಲ್ಕು ದಶಕಗಳ ಬೆಳವಣಿಗೆಯೆಲ್ಲ ಈ ಓದಿನ ಮೇಲೆ ನಿಂತಿದೆ. ಅದರಿಂದ ವಿವಾದಗಳೂ ಹುಟ್ಟಿವೆ. ಚುನಾಯಿತ ಸಂಸತ್ತುಗಳು ಒಪ್ಪದ ಅರ್ಥವನ್ನು ನ್ಯಾಯಮೂರ್ತಿಗಳು ತುಂಬುತ್ತಿದ್ದಾರೆ ಎಂಬ ಆಕ್ಷೇಪ ಇಂದಿಗೂ ಕೇಳಿಬರುತ್ತದೆ. ಆ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಆದರೆ ಮೇಜಿನ ಮೇಲೆ ಬಗ್ಗಿಸಲ್ಪಟ್ಟ ಹುಡುಗನ ಪರವಾಗಿ ಆ ದ್ವೀಪದ ಬಹುಮತ ಎಂದೂ ಮತ ಹಾಕುತ್ತಿರಲಿಲ್ಲ ಎಂಬುದನ್ನೂ ನೆನಪಿಡಬೇಕು.

ಎರಡನೆಯದು ಐರ್ಲೆಂಡಿನ ಕಾರ್ಕ್ ನಗರದ ಮಹಿಳೆಯೊಬ್ಬರ ಪ್ರಕರಣ. ಕಾನೂನು ಗ್ರಂಥಗಳಲ್ಲಿ ಏರಿ ಪ್ರಕರಣವೆಂದೇ ಹೆಸರು. ನಾಲ್ಕು ಮಕ್ಕಳ ತಾಯಿ, ಕಡಿಮೆ ಸಂಬಳದ ದುಡಿಮೆ, ಕುಡಿದು ಹೊಡೆಯುವ ಗಂಡ. ಆಗ ಐರ್ಲೆಂಡಿನಲ್ಲಿ ವಿಚ್ಛೇದನವೇ ಇರಲಿಲ್ಲ. ನ್ಯಾಯಾಲಯದಿಂದ ಪ್ರತ್ಯೇಕವಾಸದ ಆದೇಶ ಪಡೆಯಬಹುದಿತ್ತು, ಅದೂ ಹೈಕೋರ್ಟಿನಲ್ಲಿ ಮಾತ್ರ. ವಕೀಲರ ಖರ್ಚು ಆಕೆಯ ಕೈಗೆಟುಕುವಂತಿರಲಿಲ್ಲ. ಸಿವಿಲ್ ವ್ಯಾಜ್ಯಕ್ಕೆ ಸರ್ಕಾರದ ಕಾನೂನು ನೆರವೂ ಇರಲಿಲ್ಲ. ಹೈಕೋರ್ಟಿನ ಬಾಗಿಲು ಎಲ್ಲರಿಗೂ ತೆರೆದಿದೆ, ವಕೀಲರಿಲ್ಲದೆಯೂ ಬಂದು ವಾದಿಸಬಹುದು ಎಂದು ಸರ್ಕಾರ ಹೇಳಿತು. ಅಂಥ ವ್ಯಾಜ್ಯಗಳಲ್ಲಿ ಒಬ್ಬರಾದರೂ ಹಾಗೆ ವಾದಿಸಿದ್ದಾರೆಯೇ ಎಂದು ನೋಡಿದರೆ, ಆ ದಶಕದಲ್ಲಿ ಬಂದ ಎಲ್ಲರೂ ವಕೀಲರ ಮೂಲಕವೇ ಬಂದಿದ್ದರು. 1979ರ ಅಕ್ಟೋಬರಿನಲ್ಲಿ ತೀರ್ಪು ಆಕೆಯ ಪರವಾಗಿ ಬಂತು. ಹಕ್ಕು ಕಾಗದದ ಮೇಲಿದ್ದರೆ ಸಾಲದು, ಬಳಸಲು ಬರುವಂತಿರಬೇಕು ಎಂಬ ಸಿದ್ಧಾಂತಕ್ಕೆ ಅದು ತಳಪಾಯವಾಯಿತು. ಐರ್ಲೆಂಡ್ ಸಿವಿಲ್ ಕಾನೂನು ನೆರವಿನ ಯೋಜನೆ ತಂದಿತು. ಒಬ್ಬ ಹೆಂಗಸಿನ ಮೊಕದ್ದಮೆಯಿಂದ ಒಂದು ದೇಶದ ಬಡವರೆಲ್ಲರಿಗೂ ನ್ಯಾಯಾಲಯದ ದಾರಿ ಅಷ್ಟು ಸುಗಮವಾಯಿತು.

ಒಂದು ತೀರ್ಪು ಇಡೀ ದೇಶದ ಪದ್ಧತಿಯಾಗಿ ಬದಲಾಗುವುದು ಹೇಗೆ? ಈ ಸಂಸ್ಥೆಯ ನಿಜವಾದ ಯಂತ್ರ ಇರುವುದು ಇಲ್ಲಿ. ವಿಷಾದವೆಂದರೆ ಪತ್ರಿಕೆಗಳು ಅದರ ಬಗ್ಗೆ ಬರೆಯುವುದು ಕಡಿಮೆ.

ಒಡಂಬಡಿಕೆಯ 46ನೆಯ ಕಲಮಿನ ಪ್ರಕಾರ ಸೋತ ಸರ್ಕಾರ ತೀರ್ಪಿಗೆ ಬದ್ಧ. ತೀರ್ಪು ಹೊರಬಿದ್ದ ಮೇಲೆ ಕಡತ ನ್ಯಾಯಾಲಯದಿಂದ ಸಚಿವರ ಸಮಿತಿಗೆ ಹೋಗುತ್ತದೆ. ಸದಸ್ಯ ದೇಶಗಳ ವಿದೇಶಾಂಗ ಸಚಿವರ, ನಿತ್ಯದ ವ್ಯವಹಾರದಲ್ಲಿ ಅವರ ರಾಯಭಾರಿಗಳ ಸಭೆ ಅದು. ವರ್ಷಕ್ಕೆ ನಾಲ್ಕು ಬಾರಿ ಅವರು ತೀರ್ಪುಗಳ ಜಾರಿಯನ್ನು ಪರಿಶೀಲಿಸಲೆಂದೇ ಸೇರುತ್ತಾರೆ. ಪರಿಹಾರದ ಹಣ ಕೊಟ್ಟಾಯಿತು ಎಂದರೆ ಸಾಲದು. ಇದೇ ತಪ್ಪು ಇನ್ನೊಬ್ಬನಿಗೆ ಆಗದಂತೆ ಕಾನೂನು ಬದಲಿಸಿದಿರಾ? ಪೊಲೀಸರಿಗೆ ಸುತ್ತೋಲೆ ಹೋಯಿತೇ? ನ್ಯಾಯಾಧೀಶರಿಗೆ ತರಬೇತಿ ಆಯಿತೇ? ಸರ್ಕಾರ ಕ್ರಿಯಾಯೋಜನೆ ಸಲ್ಲಿಸಬೇಕು, ಆಮೇಲೆ ವರದಿ ಒಪ್ಪಿಸಬೇಕು. ಅರ್ಜಿದಾರರೂ ಸ್ವಯಂಸೇವಾ ಸಂಘಟನೆಗಳೂ ಸಮಿತಿಗೆ ನೇರವಾಗಿ ಬರೆದು ಸರ್ಕಾರದ ವರದಿಯನ್ನು ಪ್ರಶ್ನಿಸಬಹುದು. ಉತ್ತರ ತೃಪ್ತಿಕರವಲ್ಲದಿದ್ದರೆ ಮುಂದಿನ ಸಭೆಗೆ ಕಡತ ಮತ್ತೆ ಬರುತ್ತದೆ. ಮತ್ತೆ ಬರುತ್ತದೆ.

ಈ ಪಟ್ಟುಬಿಡದ ಗುಣವನ್ನು ತೋರುವ ಒಂದು ಮೊಕದ್ದಮೆ ಚೆಕ್ ಗಣರಾಜ್ಯದ್ದು. ಆಸ್ಟ್ರಾವಾ ಎಂಬ ಗಣಿ ನಗರದ ರೋಮಾ ಸಮುದಾಯದ 18 ಮಕ್ಕಳನ್ನು ಬುದ್ಧಿಮಾಂದ್ಯರಿಗೆಂದು ಇದ್ದ ವಿಶೇಷ ಶಾಲೆಗಳಿಗೆ ಸೇರಿಸಲಾಗಿತ್ತು. ಪರೀಕ್ಷೆ ಮಾಡಿಯೇ ಸೇರಿಸಿದ್ದೇವೆ, ತಂದೆತಾಯಿ ಒಪ್ಪಿದ್ದಾರೆ ಎಂದಿತು ಸರ್ಕಾರ. ಅರ್ಜಿದಾರರು ಅಂಕಿಗಳನ್ನು ಮುಂದಿಟ್ಟರು. ಊರಿನ ಸಾಮಾನ್ಯ ಪ್ರಾಥಮಿಕ ಶಾಲೆಗಳ ಮಕ್ಕಳಲ್ಲಿ ರೋಮಾ ಮಕ್ಕಳು ನೂರಕ್ಕೆ 2.26, ವಿಶೇಷ ಶಾಲೆಗಳಲ್ಲಿ ನೂರಕ್ಕೆ 56. ರೋಮಾ ಮಗುವೊಂದು ವಿಶೇಷ ಶಾಲೆಗೆ ಬೀಳುವ ಸಂಭವ ಬೇರೆ ಮಗುವಿಗಿಂತ 27 ಪಟ್ಟು ಹೆಚ್ಚು. ಒಂದಿಡೀ ಸಮುದಾಯದ ಅರ್ಧದಷ್ಟು ಮಕ್ಕಳು ಮಂದಬುದ್ಧಿಯವರಾಗಿರಲು ಸಾಧ್ಯವೇ? 2006ರಲ್ಲಿ ನ್ಯಾಯಾಲಯದ ಸಣ್ಣ ಪೀಠ ತಾರತಮ್ಯ ಸಾಬೀತಾಗಿಲ್ಲ ಎಂದಿತ್ತು. 2007ರ ನವೆಂಬರ್ 13ರಂದು ಮಹಾಪೀಠ ಅದನ್ನು ತಿರುಗಿಸಿತು. ಯಾರೂ ಕೆಟ್ಟ ಉದ್ದೇಶ ಇಟ್ಟುಕೊಳ್ಳದಿದ್ದರೂ ವ್ಯವಸ್ಥೆಯ ಫಲಿತವೇ ತಾರತಮ್ಯವಾಗಿರಬಹುದು, ಅದನ್ನು ಅಂಕಿ ಅಂಶಗಳಿಂದ ತೋರಿಸಬಹುದು ಎಂಬ ನಿಲುವು ಯುರೋಪಿನ ಕಾನೂನಿನಲ್ಲಿ ಭದ್ರವಾಯಿತು.

ತೀರ್ಪಿನಿಂದ ಶಾಲೆ ಬದಲಾಯಿತೇ? ಮೊದಲು ಬದಲಾದದ್ದು ಶಾಲೆಗಳ ಹೆಸರು. ಒಳಗೆ ಕುಳಿತ ಮಕ್ಕಳು ಅವರೇ. ಸಚಿವರ ಸಮಿತಿ ಒಪ್ಪಲಿಲ್ಲ. ಪ್ರವೇಶ ಪರೀಕ್ಷೆ ಹೇಗೆ ಬದಲಾಯಿತು, ವರ್ಷಕ್ಕೆ ಎಷ್ಟು ರೋಮಾ ಮಕ್ಕಳು ಎಲ್ಲಿದ್ದಾರೆ ಎಂಬ ಲೆಕ್ಕ ಕೇಳುತ್ತಲೇ ಹೋಯಿತು. ಚೆಕ್ ಸರ್ಕಾರ ಶಿಕ್ಷಣ ಕಾನೂನನ್ನು ತಿದ್ದಿತು, ಸೌಮ್ಯ ಬುದ್ಧಿಮಾಂದ್ಯದ ಮಕ್ಕಳಿಗೆಂದಿದ್ದ ಕೆಳಮಟ್ಟದ ಪಠ್ಯಕ್ರಮವನ್ನು ಕೈಬಿಟ್ಟಿತು. ತೀರ್ಪಾಗಿ ಹದಿನೈದು ವರ್ಷ ಕಳೆದ ಮೇಲೂ ಆ ಕಡತ ಸಮಿತಿಯ ಮುಂದೆ ತೆರೆದೇ ಇತ್ತು. ಇದನ್ನು ವಿಳಂಬವೆಂದು ದೂರಬಹುದು. ಆ ದೂರಿನಲ್ಲಿ ಸತ್ಯವಿದೆ. ಮೊದಲ ಅರ್ಜಿದಾರರು ಅಷ್ಟರಲ್ಲಿ ತಾವೇ ಮಕ್ಕಳ ತಂದೆತಾಯಿಯರಾಗುವ ವಯಸ್ಸಿಗೆ ಬಂದಿದ್ದರು. ಆದರೆ ತಲೆಮಾರುಗಳ ಪೂರ್ವಗ್ರಹದ ವಿರುದ್ಧ ಒಂದು ಸಂಸ್ಥೆ ವರ್ಷಕ್ಕೆ ವರ್ಷ ಅದೇ ಪ್ರಶ್ನೆಯನ್ನು ಅದೇ ಸರ್ಕಾರಕ್ಕೆ ಕೇಳುತ್ತಿರುವುದು ಸಣ್ಣ ಮಾತಲ್ಲ.

ದೂರು ಬರುವವರೆಗೂ ಕಾಯಬೇಕೇ? ಸೆರೆಮನೆಯೊಳಗಿನವನಿಗೆ ದೂರು ಬರೆಯಲು ಕಾಗದವೂ ಧೈರ್ಯವೂ ಇರಬೇಕಲ್ಲ. ಈ ಕೊರತೆಯನ್ನು ತುಂಬಲು 1987ರಲ್ಲಿ ಚಿತ್ರಹಿಂಸೆ ತಡೆಯ ಯುರೋಪಿಯನ್ ಒಪ್ಪಂದ ರೂಪುಗೊಂಡು 1989ರಲ್ಲಿ ಜಾರಿಗೆ ಬಂತು. ಅದರಡಿ ಇರುವ ಸಮಿತಿಯಲ್ಲಿ ವಕೀಲರು, ವೈದ್ಯರು, ಸೆರೆಮನೆಯ ಆಡಳಿತ ಬಲ್ಲವರು ಇರುತ್ತಾರೆ. ಮುನ್ಸೂಚನೆಯಿಲ್ಲದೆ ಸದಸ್ಯ ದೇಶದ ಯಾವುದೇ ಠಾಣೆ, ಜೈಲು, ಮಾನಸಿಕ ಆಸ್ಪತ್ರೆ, ವಲಸಿಗರ ಬಂಧನ ಕೇಂದ್ರದೊಳಗೆ ಹೋಗುವ, ಒಳಗಿರುವವರೊಡನೆ ಕಾವಲುಗಾರರಿಲ್ಲದೆ ಮಾತಾಡುವ ಅಧಿಕಾರ ಅವರಿಗಿದೆ. ಕೋಣೆಯ ಗಾಳಿ ಬೆಳಕು, ಹಾಸಿಗೆಯ ಸಂಖ್ಯೆ, ಶೌಚಕ್ಕೆ ಮರೆಯಿದೆಯೇ, ಬಂಧನದ ರಿಜಿಸ್ಟರಿನಲ್ಲಿ ಸಮಯ ಸರಿಯಾಗಿ ಬರೆದಿದೆಯೇ ಎಂಬುದನ್ನೆಲ್ಲ ನೋಡುತ್ತಾರೆ. ವರದಿ ಗೋಪ್ಯ, ಸರ್ಕಾರ ಒಪ್ಪಿದರಷ್ಟೇ ಪ್ರಕಟಣೆ. ಬಾಗಿಲು ತೆರೆಸಲು ತೆತ್ತ ಬೆಲೆ ಅದು. ಆದರೂ ಬಹುತೇಕ ದೇಶಗಳು ಪ್ರಕಟಣೆಗೆ ಒಪ್ಪುತ್ತ ಬಂದಿವೆ. ಸಹಕರಿಸದ ದೇಶದ ಬಗ್ಗೆ ಸಮಿತಿ ಬಹಿರಂಗ ಹೇಳಿಕೆ ಹೊರಡಿಸಬಹುದು. 1992ರಲ್ಲಿ ಟರ್ಕಿಯ ವಿಷಯದಲ್ಲಿ ಮೊದಲ ಬಾರಿಗೆ ಹಾಗೆ ಮಾಡಿತು.

ಈ ಭೇಟಿಗಳಿಂದ ಒಂದು ಅಳತೆಯೂ ಹುಟ್ಟಿತು. ಹಲವರನ್ನು ಕೂಡಿಹಾಕುವ ಕೋಣೆಯಲ್ಲಿ ಕೈದಿಯೊಬ್ಬನಿಗೆ ಕನಿಷ್ಠ ನಾಲ್ಕು ಚದರ ಮೀಟರ್, ಶೌಚದ ಜಾಗ ಬಿಟ್ಟು. ಒಂದು ಮಂಚ ಹಾಕಿ ಅದರ ಪಕ್ಕ ನಾಲ್ಕು ಹೆಜ್ಜೆ ಓಡಾಡುವಷ್ಟು. ಇಟಲಿಯ ಬುಸ್ತೊ ಆರ್ಸಿತ್ಸಿಯೊ ಮತ್ತು ಪಿಯಾಚೆಂತ್ಸಾ ಸೆರೆಮನೆಗಳ ಕೈದಿಗಳಿಗೆ ಮೂರು ಚದರ ಮೀಟರೂ ಸಿಕ್ಕಿರಲಿಲ್ಲ. 2013ರ ಜನವರಿಯಲ್ಲಿ ನ್ಯಾಯಾಲಯ ಅವರ ಪರ ತೀರ್ಪು ಕೊಡುತ್ತ, ಇದು ಏಳು ಜನರ ಸಮಸ್ಯೆಯಲ್ಲ, ದೇಶದ ಸಮಸ್ಯೆ ಎಂದು ಗುರುತಿಸಿ ಪರಿಹಾರ ರೂಪಿಸಲು ಒಂದು ವರ್ಷದ ಗಡುವು ಕೊಟ್ಟಿತು. ಇಟಲಿ ವಿಚಾರಣಾ ಬಂಧನವನ್ನು ಕಡಿಮೆ ಮಾಡಿತು, ಸೆರೆಮನೆಗೆ ಪರ್ಯಾಯ ಶಿಕ್ಷೆಗಳನ್ನು ವಿಸ್ತರಿಸಿತು, ಕೋಣೆಯ ಹೊರಗೆ ಕಳೆಯುವ ಗಂಟೆಗಳನ್ನು ಹೆಚ್ಚಿಸಿತು. 2016ರಲ್ಲಿ ಸಚಿವರ ಸಮಿತಿ ಆ ಕಡತ ಮುಚ್ಚಿತು. ಪರೀಕ್ಷಿಸುವ ಸಮಿತಿ ಅಳತೆ ಕೊಟ್ಟಿತು, ನ್ಯಾಯಾಲಯ ಅದಕ್ಕೆ ಕಾನೂನಿನ ಬಲ ಕೊಟ್ಟಿತು, ಸಚಿವರ ಸಮಿತಿ ಲೆಕ್ಕ ಕೇಳಿತು. ಮೂರೂ ಕೈ ಕೂಡಿದಾಗ ಕೆಲಸ ಆದದ್ದು ಹೀಗೆ.

ಇವಲ್ಲದೆ 1961ರ ಸಾಮಾಜಿಕ ಸನ್ನದು, ಸಂವಿಧಾನದ ಕರಡುಗಳ ಬಗ್ಗೆ ಸಲಹೆ ಕೊಡಲು 1990ರಲ್ಲಿ ಸ್ಥಾಪನೆಯಾದ ವೆನಿಸ್ ಆಯೋಗ, 1992ರ ಅಲ್ಪಸಂಖ್ಯಾತ ಭಾಷೆಗಳ ಸನ್ನದು, 1999ರಲ್ಲಿ ಶುರುವಾದ ಮಾನವ ಹಕ್ಕುಗಳ ಆಯುಕ್ತರ ಹುದ್ದೆ, ಇವೆಲ್ಲ ಇವೆ. ಹೆಸರುಗಳು ಬೇರೆ, ವಿಧಾನ ಒಂದೇ: ಹೋಗಿ ನೋಡು, ಬರೆ, ಉತ್ತರ ಕೇಳು, ಮತ್ತೆ ಹೋಗು.

ಸಂಘದ ಬಾಗಿಲೂ ಒಂದು ಸಾಧನ. ಬರ್ಲಿನ್ ಗೋಡೆ ಬಿದ್ದ ಮೇಲೆ ಪೂರ್ವ ಯುರೋಪಿನ ದೇಶಗಳು ಸಾಲಾಗಿ ಸದಸ್ಯತ್ವ ಕೇಳಿದವು. ಮರಣದಂಡನೆಯನ್ನು ಮೊದಲು ತಡೆಹಿಡಿಯಬೇಕು, ಆಮೇಲೆ ರದ್ದು ಮಾಡಬೇಕು ಎಂದು ಸಂಸದೀಯ ಸಭೆ ಷರತ್ತು ಹಾಕಿತು. ಉಕ್ರೇನ್ 1995ರಲ್ಲಿ ಮಾತು ಕೊಟ್ಟು ಒಳಬಂದರೂ ಗುಟ್ಟಾಗಿ ಮರಣದಂಡನೆಗಳನ್ನು ಮುಂದುವರಿಸಿತ್ತು. ಅದು ಹೊರಬಿದ್ದಾಗ ಸಭೆ ಕೆರಳಿತು, ಆ ದೇಶದ ನಿಯೋಗವನ್ನು ಹೊರಗಿಡುವ ಎಚ್ಚರಿಕೆ ಕೊಟ್ಟಿತು. 1997ರಲ್ಲಿ ದಂಡನೆಗಳು ನಿಂತವು. 1999ರ ಡಿಸೆಂಬರ್ ಕೊನೆಯಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ಮರಣದಂಡನೆ ಅಸಂವಿಧಾನಿಕ ಎಂದಿತು. ಇಂದು 46 ಸದಸ್ಯ ದೇಶಗಳಲ್ಲಿ ಯಾವುದೂ ಯಾರನ್ನೂ ಗಲ್ಲಿಗೇರಿಸುವುದಿಲ್ಲ. ಬೆಲಾರೂಸ್ ಆ ಬಾಗಿಲಿನ ಹೊರಗೇ ಉಳಿದಿದೆ.

ಒಳಗಿದ್ದವರು ಹೊರನಡೆದ ಚರಿತ್ರೆಯೂ ಇದೆ. 1967ರಲ್ಲಿ ಗ್ರೀಸಿನಲ್ಲಿ ಸೇನಾಧಿಕಾರಿಗಳು ಅಧಿಕಾರ ಕಿತ್ತುಕೊಂಡರು. ಡೆನ್ಮಾರ್ಕ್, ನಾರ್ವೆ, ಸ್ವೀಡನ್, ನೆದರ್ಲೆಂಡ್ಸ್ ತಮಗೆ ಯಾವ ನಷ್ಟವೂ ಆಗದಿದ್ದರೂ ಗ್ರೀಕ್ ಜನರ ಪರವಾಗಿ ದೂರು ಕೊಟ್ಟವು. ಅಥೆನ್ಸಿನ ಬೂಬುಲಿನಾಸ್ ಬೀದಿಯ ಪೊಲೀಸ್ ಕಚೇರಿಯಲ್ಲಿ ಅಂಗಾಲಿಗೆ ಹೊಡೆದು ಹಿಂಸಿಸುತ್ತಿದ್ದುದನ್ನು, ದೂರುಗಳನ್ನು ಮೊದಲು ಜರಡಿ ಹಿಡಿಯುತ್ತಿದ್ದ ಆ ಹಳೆಯ ಆಯೋಗ ಸಾಕ್ಷಿಗಳಿಂದ ಕೇಳಿ ದಾಖಲಿಸಿತು. ಚಿತ್ರಹಿಂಸೆ ಆಡಳಿತದ ಪದ್ಧತಿಯೇ ಆಗಿದೆ ಎಂದು ವರದಿ ಬರೆಯಿತು. 1969ರ ಡಿಸೆಂಬರ್ 12ರಂದು, ಹೊರಹಾಕುವ ಮತದಾನ ನಡೆಯುವ ಮೊದಲೇ, ಗ್ರೀಸ್ ತಾನಾಗಿ ಹೊರಬಂತು. 1974ರಲ್ಲಿ ಸೇನಾಡಳಿತ ಕುಸಿದ ಮೇಲೆ ಅದೇ ವರ್ಷ ನವೆಂಬರಿನಲ್ಲಿ ಮರಳಿ ಸೇರಿತು. ಆಯೋಗದ ವರದಿ ಸೇನಾಡಳಿತವನ್ನು ಉರುಳಿಸಲಿಲ್ಲ. ಆದರೆ ಹಿಂಸೆ ಅನುಭವಿಸಿದವರ ಮಾತು ಸುಳ್ಳಲ್ಲ ಎಂಬುದಕ್ಕೆ ಯುರೋಪಿನ ಮುದ್ರೆ ಬಿದ್ದಿತ್ತು.

ಮಿತಿಗಳನ್ನು ಮುಚ್ಚಿಟ್ಟರೆ ಈ ವಿಷಯಕ್ಕೆ ನ್ಯಾಯ ಸಲ್ಲಿಸಿದಂತಾಗುವುದಿಲ್ಲ. ಕೈದಿಗಳಿಗೆ ಸಾರಾಸಗಟಾಗಿ ಮತದಾನ ನಿಷೇಧಿಸಿದ್ದು ತಪ್ಪೆಂದು 2005ರಲ್ಲಿ ತೀರ್ಪು ಬಂದಾಗ ಬ್ರಿಟನ್ನಿನ ಸಂಸತ್ತು ಸಿಡಿದೆದ್ದಿತು. 2011ರಲ್ಲಿ 234ಕ್ಕೆ 22 ಮತಗಳಿಂದ ನಿಷೇಧವನ್ನೇ ಎತ್ತಿಹಿಡಿಯಿತು. ಹದಿಮೂರು ವರ್ಷಗಳ ಹಗ್ಗಜಗ್ಗಾಟದ ನಂತರ, ತಾತ್ಕಾಲಿಕವಾಗಿ ಹೊರಬಂದ ಕೆಲವು ಕೈದಿಗಳಿಗೆ ಮತ ಕೊಡುವ ಸಣ್ಣ ಬದಲಾವಣೆಯಲ್ಲಿ ಅದು ಮುಗಿಯಿತು. ಮಹಿಳೆಯರ ಮೇಲಿನ ಹಿಂಸೆ ತಡೆಯುವ 2011ರ ಇಸ್ತಾನ್‌ಬುಲ್ ಒಪ್ಪಂದವನ್ನು ಎಲ್ಲರಿಗಿಂತ ಮೊದಲು ಸ್ಥಿರೀಕರಿಸಿದ ಟರ್ಕಿಯೇ 2021ರಲ್ಲಿ ಅದರಿಂದ ಹೊರನಡೆಯಿತು. ಅಜರ್‌ಬೈಜಾನ್ ಪರವಾಗಿ ಸಂಸದೀಯ ಸಭೆಯ ಕೆಲವು ಸದಸ್ಯರು ಉಡುಗೊರೆ ಮತ್ತು ಹಣದ ಆಮಿಷಕ್ಕೆ ಒಳಗಾದ ಬಗ್ಗೆ 2018ರಲ್ಲಿ ಸ್ವತಂತ್ರ ತನಿಖೆಯ ವರದಿಯೇ ಹೊರಬಂತು. ನ್ಯಾಯಾಲಯದಲ್ಲಿ 2011ರ ಹೊತ್ತಿಗೆ ಬಾಕಿ ಅರ್ಜಿಗಳು ಒಂದೂವರೆ ಲಕ್ಷ ಮೀರಿದ್ದವು. ಸುಧಾರಣೆಗಳ ನಂತರ ಇಳಿದರೂ ಹತ್ತಾರು ಸಾವಿರ ಇನ್ನೂ ಉಳಿದಿವೆ.

ಎರಡು ಸೆರೆವಾಸಗಳನ್ನು ಅಕ್ಕಪಕ್ಕ ಇಟ್ಟರೆ ಮಿತಿಯೂ ಬಲವೂ ಒಟ್ಟಿಗೆ ಕಾಣುತ್ತವೆ. ಅಜರ್‌ಬೈಜಾನಿನ ವಿರೋಧ ಪಕ್ಷದ ನಾಯಕ ಇಲ್ಗಾರ್ ಮಮ್ಮದೋವ್ 2013ರಲ್ಲಿ ಬಂಧನಕ್ಕೊಳಗಾದರು. ಅವರ ಬಾಯಿ ಮುಚ್ಚಿಸಲೆಂದೇ ಬಂಧಿಸಲಾಗಿದೆ ಎಂದು 2014ರಲ್ಲಿ ನ್ಯಾಯಾಲಯ ಹೇಳಿದರೂ ಬಿಡಲಿಲ್ಲ. ಸಚಿವರ ಸಮಿತಿ 2017ರಲ್ಲಿ, ಅಲ್ಲಿಯವರೆಗೆ ಒಮ್ಮೆಯೂ ಬಳಸಿರದ ಅಸ್ತ್ರವನ್ನು ತೆಗೆಯಿತು: ತೀರ್ಪನ್ನು ಪಾಲಿಸಿಲ್ಲವೆಂದು ಆ ದೇಶವನ್ನು ಮತ್ತೆ ನ್ಯಾಯಾಲಯದ ಮುಂದೆ ನಿಲ್ಲಿಸಿತು. 2018ರ ಆಗಸ್ಟಿನಲ್ಲಿ ಅವರ ಬಿಡುಗಡೆಯಾಯಿತು, 2020ರಲ್ಲಿ ಅವರದೇ ದೇಶದ ಸರ್ವೋಚ್ಚ ನ್ಯಾಯಾಲಯ ದೋಷಮುಕ್ತಗೊಳಿಸಿತು. ಟರ್ಕಿಯ ಒಸ್ಮಾನ್ ಕವಾಲಾ ಅವರ ವಿಷಯದಲ್ಲಿ ಅದೇ ಅಸ್ತ್ರ ಗುರಿ ಮುಟ್ಟಲಿಲ್ಲ. ನಾಗರಿಕ ಸಂಘಟನೆಗಳಿಗೆ ಬೆಂಬಲವಾಗಿದ್ದ ಅವರನ್ನು 2017ರ ಅಕ್ಟೋಬರಿನಲ್ಲಿ ಬಂಧಿಸಲಾಯಿತು. ಕೂಡಲೇ ಬಿಡಿ ಎಂದು 2019ರ ಡಿಸೆಂಬರ್ 10ರಂದು ತೀರ್ಪು ಬಂತು. ಪಾಲಿಸಿಲ್ಲವೆಂಬ ಎರಡನೇ ತೀರ್ಪು 2022ರ ಜುಲೈನಲ್ಲಿ. ಈ ನಡುವೆ ಅಲ್ಲಿನ ನ್ಯಾಯಾಲಯ ಜೀವಾವಧಿ ಶಿಕ್ಷೆ ವಿಧಿಸಿತು. 2025ರಲ್ಲೂ ಅವರು ಸೆರೆಯಲ್ಲೇ ಇದ್ದರು. ಸಚಿವರ ಸಮಿತಿ ಸೇರಿದಾಗಲೆಲ್ಲ ಅವರ ಹೆಸರು ಕಾರ್ಯಸೂಚಿಯಲ್ಲಿ ಬರುತ್ತದೆ.

ಮಾನ್ಯರೇ, ಸ್ಟ್ರಾಸ್‌ಬರ್ಗಿನ ತೀರ್ಪು ಭಾರತವನ್ನು ಕಟ್ಟಿಹಾಕುವುದಿಲ್ಲ. ಆದರೆ ವಿಚಾರಕ್ಕೆ ಗಡಿಯಿಲ್ಲ. 2012ರಲ್ಲಿ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರು ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ಅದರಿಂದ ಎದ್ದ ಪ್ರಶ್ನೆಗೆ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಉತ್ತರ ಕೊಟ್ಟಿತು: ಖಾಸಗಿತನ ಮೂಲಭೂತ ಹಕ್ಕು. ಆ ಸುದೀರ್ಘ ತೀರ್ಪು ಸ್ಟ್ರಾಸ್‌ಬರ್ಗಿನ ಚಿಂತನೆಯನ್ನೂ ಚರ್ಚಿಸಿತು. ಅಲ್ಲಿ ಬರುವ ಒಂದು ಪ್ರಕರಣದಲ್ಲಿ, ಹನ್ನೊಂದನೇ ವಯಸ್ಸಿಗೆ ಬಂಧಿತನಾಗಿ ಖುಲಾಸೆಯಾದ ಇಂಗ್ಲೆಂಡಿನ ಹುಡುಗನ ಬೆರಳಚ್ಚು ಮತ್ತು ಡಿಎನ್‌ಎ ಮಾದರಿಯನ್ನು ಪೊಲೀಸರು ಗಡುವೇ ಇಲ್ಲದೆ ಇಟ್ಟುಕೊಂಡಿದ್ದರು. 2008ರಲ್ಲಿ ಸ್ಟ್ರಾಸ್‌ಬರ್ಗ್ ನ್ಯಾಯಾಲಯ ಅದು ತಪ್ಪೆಂದಿತು, 2012ರಲ್ಲಿ ಬ್ರಿಟನ್ ಕಾನೂನು ಬದಲಿಸಿತು. ಹಾಗೆಯೇ, ಬೆಲ್‌ಫಾಸ್ಟಿನ ಜೆಫ್ರಿ ಡಜನ್ ಗೆದ್ದ 1981ರ ಮೊಕದ್ದಮೆ ಸಲಿಂಗ ಸಂಬಂಧವನ್ನು ಅಪರಾಧವೆನ್ನುವ ಉತ್ತರ ಐರ್ಲೆಂಡಿನ ಕಾನೂನನ್ನು ಬದಲಿಸಿತು. 2009ರಲ್ಲಿ ದೆಹಲಿ ಹೈಕೋರ್ಟ್ ಭಾರತೀಯ ದಂಡ ಸಂಹಿತೆಯ 377ನೇ ಕಲಮನ್ನು ಪರಿಶೀಲಿಸಿದಾಗ ಆ ತೀರ್ಪೂ ಮುಂದಿತ್ತು.

ವಿಚಾರ ಬಂತು, ವ್ಯವಸ್ಥೆ ಬರಲಿಲ್ಲ. ಅಮೆರಿಕ ಖಂಡಗಳಿಗೂ ಆಫ್ರಿಕಾಕ್ಕೂ ಪ್ರಾದೇಶಿಕ ಮಾನವ ಹಕ್ಕು ನ್ಯಾಯಾಲಯಗಳಿವೆ, ಏಷ್ಯಾದಲ್ಲಿಲ್ಲ. 1985ರಲ್ಲಿ ಢಾಕಾದಲ್ಲಿ ಹುಟ್ಟಿದ ದಕ್ಷಿಣ ಏಷ್ಯಾ ದೇಶಗಳ ಸಂಘ ಸಾರ್ಕ್ ತನ್ನ ಸನ್ನದಿನಲ್ಲೇ ದ್ವಿಪಕ್ಷೀಯ ಮತ್ತು ವಿವಾದಾಸ್ಪದ ವಿಷಯಗಳನ್ನು ಚರ್ಚೆಯಿಂದ ಹೊರಗಿಟ್ಟಿದೆ. ನೆರೆಯವರ ಅನುಮಾನಗಳ ನಡುವೆ ಅದಕ್ಕೆ ಕಾರಣಗಳಿದ್ದವು. ಆದರೆ ಎರಡು ಮಹಾಯುದ್ಧಗಳಲ್ಲಿ ಒಬ್ಬರನ್ನೊಬ್ಬರು ಕೊಂದ ದೇಶಗಳ ಅನುಮಾನ ಇದಕ್ಕಿಂತ ಕಡಿಮೆ ಇರಲಿಲ್ಲ ಎಂಬುದನ್ನು ಸ್ಟ್ರಾಸ್‌ಬರ್ಗ್ ನೆನಪಿಸುತ್ತದೆ.

ಕೊನೆಯದಾಗಿ, ಈ ಸಂಸ್ಥೆಯ ಅತಿ ಕಠಿಣ ಪರೀಕ್ಷೆ. 1996ರಲ್ಲಿ ಸೇರಿದ ರಷ್ಯಾ 2022ರ ಫೆಬ್ರವರಿಯಲ್ಲಿ ಉಕ್ರೇನಿನ ಮೇಲೆ ಪೂರ್ಣ ಪ್ರಮಾಣದ ಯುದ್ಧ ಆರಂಭಿಸಿತು. ಮಾರ್ಚ್ 16ರಂದು ಸಚಿವರ ಸಮಿತಿ ಅದನ್ನು ಸದಸ್ಯತ್ವದಿಂದ ತೆಗೆದುಹಾಕಿತು. ಸೆಪ್ಟೆಂಬರ್ 16ಕ್ಕೆ ಒಡಂಬಡಿಕೆಯ ಬಂಧವೂ ಕಳಚಿತು. ಹದಿನಾಲ್ಕು ಕೋಟಿಗೂ ಹೆಚ್ಚು ಜನ ಸ್ಟ್ರಾಸ್‌ಬರ್ಗಿನ ರಕ್ಷಣೆ ಕಳೆದುಕೊಂಡರು. ಆದರೂ ಆ ದಿನದವರೆಗಿನ ಕೃತ್ಯಗಳಿಗೆ ರಷ್ಯಾ ಹೊಣೆಯೇ ಎಂದು ನ್ಯಾಯಾಲಯ ವಿಚಾರಣೆ ಮುಂದುವರಿಸಿತು. 2025ರ ಜುಲೈ 9ರಂದು ಮಹಾಪೀಠ ಉಕ್ರೇನ್ ಮತ್ತು ನೆದರ್ಲೆಂಡ್ಸ್ ಹೂಡಿದ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟಿತು. 2014ರಲ್ಲಿ ಮಲೇಷ್ಯಾ ಏರ್‌ಲೈನ್ಸಿನ ಎಂಎಚ್17 ವಿಮಾನವನ್ನು ಹೊಡೆದುರುಳಿಸಿ 298 ಜೀವ ತೆಗೆದ ಹೊಣೆಯನ್ನೂ, ಉಕ್ರೇನಿನ ಮಕ್ಕಳನ್ನು ರಷ್ಯಾಕ್ಕೆ ಒಯ್ದ ಹೊಣೆಯನ್ನೂ ರಷ್ಯಾದ ಮೇಲೆ ಹೊರಿಸಿತು.

ಪ್ರತಿವಾದಿಯ ಪೀಠ ಖಾಲಿ. ಮಾಸ್ಕೋದಿಂದ ವರದಿಯೂ ಇಲ್ಲ, ಉತ್ತರವೂ ಇಲ್ಲ. ಆದರೂ ಸಚಿವರ ಸಮಿತಿ ತ್ರೈಮಾಸಿಕ ಸಭೆಗಳಲ್ಲಿ ರಷ್ಯಾದ ಪ್ರಕರಣಗಳನ್ನು ಕೈಗೆತ್ತಿಕೊಳ್ಳುತ್ತಲೇ ಇದೆ. ಅರ್ಜಿದಾರರ ವಕೀಲರೂ ಸಂಘಟನೆಗಳೂ ಬರೆದು ಕಳಿಸುವ ಪತ್ರಗಳನ್ನು ಓದಿ, ದಾಖಲಿಸಿ, ಮುಂದಿನ ಸಭೆಯ ಪಟ್ಟಿಗೆ ಸೇರಿಸುತ್ತಿದೆ.